ಬೀಗವಿಲ್ಲದ ಕೀಲಿಗಳು

ಆ ಮನೆಯಲ್ಲಿ ಯಾರನ್ನೂ ಪೇಷೆಂಟ್ ಎನ್ನುವಂತಿರಲಿಲ್ಲ. ಬಾಯಿ ತಪ್ಪಿ ಅಂದವರಿಗೆ ದೊಡ್ಡ ಸಿಸ್ಟರ್ ಕೈಯಲ್ಲಿ ಸರಿಯಾಗಿ ಮಂಗಳಾರತಿಯಾಗುತ್ತಿತ್ತು. “ಇದೇನು ಆಸ್ಪತ್ರೆಯೇನ್ರೀ? ಮನೆ ಇದು. ಮನೇಲಿ ಅಜ್ಜ ಇರ್ತಾರೆ, ಅಜ್ಜಿ ಇರ್ತಾರೆ. ಪೇಷೆಂಟ್ ಎಲ್ಲಿಂದ ಬಂದ?” ಎಂದು ಅವರು ಸೊಂಟದ ಕೀಲಿಗೊಂಚಲು ಝಣಗುಟ್ಟಿಸುತ್ತ ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದರು.

ದೊಡ್ಡಾಸ್ಪತ್ರೆಯ ನರ್ಸು ಕೆಲಸದಿಂದ ನಿವೃತ್ತರಾದ ಮೇಲೆ ಅವರು ತಮ್ಮ ಮನೆಯ ಕೆಳಭಾಗವನ್ನು ಮುದುಕರ ಆರೈಕೆಗೆ ತೆರೆದಿದ್ದರು. ಹೆತ್ತ ಮಕ್ಕಳು ಕೈಚೆಲ್ಲಿದವರೆಲ್ಲ ಅಲ್ಲಿಗೆ ಬರುತ್ತಿದ್ದರು. ಮೂಗಿನ ನಳಿಕೆಯಲ್ಲಿ ಗಂಜಿ ಇಳಿಸಿಕೊಳ್ಳುವವರು, ಮಲಗಿ ಮಲಗಿ ಬೆನ್ನು ಹುಣ್ಣಾದವರು, ಮೂತ್ರದ ಚೀಲ ಮಂಚಕ್ಕೆ ತೂಗುಹಾಕಿಕೊಂಡವರು, ಸ್ವಂತ ಹೆಸರೇ ಮರೆತವರು. ಬರುವಾಗ ಒಬ್ಬೊಬ್ಬರೂ ತಮ್ಮ ಮನೆಯಿಂದ ಒಂದು ಕುರ್ಚಿಯನ್ನೋ ಕನ್ನಡಿಯನ್ನೋ ತರಬೇಕೆಂಬುದು ನಿಯಮ. ಎಂಥ ಹುಣ್ಣೂ ಅಲ್ಲಿ ಮಾಯುತ್ತಿತ್ತು, ಯಾವ ಹಾಸಿಗೆಯೂ ನಾರುತ್ತಿರಲಿಲ್ಲ. ಕೆಲಸದ ಮಟ್ಟಿಗೆ ದೊಡ್ಡ ಸಿಸ್ಟರ್ ವಿಷಯದಲ್ಲಿ ಎರಡು ಮಾತಿಲ್ಲ. ಮಹಡಿಯ ಮೇಲೆ ಅವರು, ಮಗ, ಸೊಸೆ, ಮೊಮ್ಮಗಳು. ನಡುವೆ ಮೆಟ್ಟಿಲು. ಮೆಟ್ಟಿಲ ತುದಿಯಲ್ಲಿ, ಎಳೆದುಕೊಂಡರೆ ತಾನೇ ಬೀಗ ಬೀಳುವ ಬಾಗಿಲು.

ಈ ಕಸುಬಿನಲ್ಲಿ ಅವರು ತಾವೇ ಕಂಡುಹಿಡಿದುಕೊಂಡ ಉಪಾಯಗಳಿದ್ದವು. ಮನೆಗೆ ಹೋಗುತ್ತೇನೆಂದು ಹಟ ಹಿಡಿದ ಮುದುಕರಿಗೆ ಇಲ್ಲ ಎನ್ನಬಾರದು. “ಮಗ ಸಂಜೆ ಬರ್ತಾನೆ, ಅಷ್ಟರಲ್ಲಿ ಊಟ ಮುಗಿಸಿ” ಎನ್ನಬೇಕು. ಊಟ ಮುಗಿಯುವಷ್ಟರಲ್ಲಿ ಅವರಿಗೆ ಮಗನೂ ಮರೆತಿರುತ್ತಾನೆ, ಮನೆಯೂ ಮರೆತಿರುತ್ತದೆ. ಇನ್ನು ‘ನನ್ನ ಮನೆ ಕೀಲಿ ಎಲ್ಲಿ’ ಎಂದು ಪರದಾಡುವವರಿಗಾಗಿ ಒಂದು ಬಿಸ್ಕತ್ತಿನ ಡಬ್ಬಿ. ಅದರ ತುಂಬ ಗುಜರಿ ಅಂಗಡಿಯಿಂದ ತಂದ, ಯಾವ ಬೀಗಕ್ಕೂ ಹೊಂದದ ಹಳೇ ಕೀಲಿಗಳು. ಒಂದು ಗೊಂಚಲು ಕೈಗೆ ಕೊಟ್ಟರೆ ಸಾಕು, ಜೀವ ತಣ್ಣಗಾಗುತ್ತಿತ್ತು. ಕಾಲಿನಲ್ಲಿ ಕಸುವಿದ್ದ ಒಬ್ಬಿಬ್ಬರು ಮೆಟ್ಟಿಲು ಹತ್ತಿ ಬಂದು ಆ ಬಾಗಿಲಿಗೆ ಕೀಲಿ ತುರುಕಿ ನೋಡುವುದೂ ಇತ್ತು. ಆಗ ಮೇಲಿದ್ದವರು ಎದ್ದು ಹೋಗಕೂಡದು, ಒಳಗಿನಿಂದಲೇ ಸಂಜೆಯ ಮಾತು ಹೇಳಬೇಕು. ದೊಡ್ಡ ಸಿಸ್ಟರ್ ಮಗ ಇಷ್ಟು ವರ್ಷ ಪೇಪರು ಓದುತ್ತ, ಗಡ್ಡ ಕೆರೆಯುತ್ತ, ತುತ್ತು ಜಗಿಯುತ್ತ ಆ ಮಾತು ಹೇಳಿಕೊಂಡು ಬಂದಿದ್ದ.

ಸೊಸೆ ಆ ಮನೆಗೆ ಮೊದಲು ಕಾಲಿಟ್ಟದ್ದು ನರ್ಸಾಗಿ. ಅವಳ ಕೈಗುಣ ಮೆಚ್ಚಿ ದೊಡ್ಡ ಸಿಸ್ಟರೇ ಮಗನಿಗೆ ಕಟ್ಟಿದರು. “ಸೊಸೆ ಆದ್ಮೇಲೆ ಸಂಬಳ ಕೇಳೋ ಹಾಗಿಲ್ಲ ನೋಡು ಮತ್ತೆ!” ಎಂದು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ನಿಜಕ್ಕೂ ಕೊಡಲಿಲ್ಲ.

ಅದನ್ನಾದರೂ ಅವಳು ಮರೆಯುತ್ತಿದ್ದಳೇನೋ. ಅವಳ ತಾಯಿಗೆ ಅರುಳುಮರುಳಾಗಿ ಕೆಳಗಿನ ಮನೆಗೇ ತಂದು ಮಲಗಿಸಿದ್ದರು. ಒಂದು ಮಧ್ಯಾಹ್ನ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಆ ತಾಯಿ ಡಬ್ಬಿಯ ಕೀಲಿ ಹಿಡಿದು ಹತ್ತಿ ಬಂದಳು. “ಪುಟ್ಟೀ, ಬಾಗಿಲು ತೆಗಿಯೇ” ಎಂದಳು. ಸೊಸೆ ದಡಕ್ಕನೆ ಎದ್ದಳು. ದೊಡ್ಡ ಸಿಸ್ಟರ್ ತಟ್ಟೆಯಿಂದ ತಲೆಯೆತ್ತದೆ, “ಕೂತ್ಕೋ. ಒಂದ್ಸಲ ತೆಗೆದ್ರೆ ದಿನಾ ಹತ್ತಿ ಬರ್ತಾರೆ” ಎಂದರು. ಸೊಸೆ ಕೂತಳು. ಹೊರಗೆ ಬಹಳ ಹೊತ್ತು ಪುಟ್ಟೀ ಪುಟ್ಟೀ ಎಂದು ಕೇಳುತ್ತಿತ್ತು. ತಾಯಿ ಆ ವರ್ಷವೇ ತೀರಿಕೊಂಡಳು.

ಇಂಥ ದೊಡ್ಡ ಸಿಸ್ಟರ್ ಒಂದು ಬೆಳಿಗ್ಗೆ ಪೋಸ್ಟಜ್ಜನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವರು ಹಾಗೇ ಕುಸಿದರು. ಬಲಗಡೆ ಪೂರ್ತಿ ಹೋಯಿತು. ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಪೋಸ್ಟಜ್ಜ ಅಂದರೆ ಅಂಚೆ ಹಂಚಿ ಹಂಚಿ ಮಂಡಿ ಸವೆಸಿಕೊಂಡ ಮುದುಕ. ಮೈ ಏಳದಿದ್ದರೂ ಬಾಯಿಗೇನೂ ಕಮ್ಮಿಯಿರಲಿಲ್ಲ. ಅವನ ಕೂಗಿಗೇ ಎಲ್ಲರೂ ಓಡಿಬಂದದ್ದು.

ಆಸ್ಪತ್ರೆಯಿಂದ ವಾಪಸು ಕರೆತಂದ ದಿನ ಸ್ಟ್ರೆಚರು ಮೆಟ್ಟಿಲ ಬುಡದಲ್ಲಿ ನಿಂತಿತು.

“ಮೇಲಕ್ಕೆ ಹೇಗ್ರೀ ಎತ್ಕೊಂಡು ಹೋಗೋದು? ಕಿಟಕಿ ಪಕ್ಕದ ಮಂಚ ಖಾಲಿ ಇದೆಯಲ್ಲ” ಎಂದಳು ಸೊಸೆ.

“ಸ್ವಲ್ಪ ದಿನ ಕಣಮ್ಮ” ಎಂದ ಮಗ, ತಾಯಿಯ ಮುಖ ನೋಡದೆ. “ನೀನು ಮೆಟ್ಟಿಲು ಹತ್ತೋ ಹಾಗಾದ ದಿನ ಮೇಲೆ. ನನ್ನಾಣೆ.”

ದೊಡ್ಡ ಸಿಸ್ಟರ್ ಎಡಗೈಯಲ್ಲಿ ಮಗನ ಅಂಗಿ ಹಿಡಿದು ತಲೆಯಾಡಿಸಿದರು. ಮೆಟ್ಟಿಲು ಹತ್ತಿದರೆ ಮೇಲೆ. ಆವತ್ತಿನಿಂದ ಆ ಹೆಂಗಸಿಗೆ ಬೇರೆ ಯೋಚನೆಯಿರಲಿಲ್ಲ.

ಸೊಸೆಯ ಆರೈಕೆಯಲ್ಲಿ ಕುಂದು ಹುಡುಕಿದರೆ ಸಿಗುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿದಳು, ಚಮಚದಲ್ಲಿ ನೀರು ಕೊಟ್ಟು ಗಂಟಲಲ್ಲಿ ಸರಿಯಾಗಿ ಇಳಿಯುತ್ತದೆಯೇ ಎಂದು ಕತ್ತಿನ ಮೇಲೆ ಬೆರಳಿಟ್ಟು ನೋಡಿದಳು, ಮೈ ಒರೆಸಿ ಪೌಡರು ಹಾಕಿದಳು. ಎಲ್ಲವನ್ನೂ ಅತ್ತೆ ಕಲಿಸಿದ ಹಾಗೇ ಮಾಡಿದಳು. ಮಾತು ಮಾತ್ರ ಆಡಲಿಲ್ಲ. ನುಂಗಲು ಕಷ್ಟವೆಂದು ಎಲ್ಲವನ್ನೂ ಅರೆದು ಕೊಡುತ್ತಿದ್ದರು. ಕ್ಯಾರೆಟ್ಟು, ಆಲೂಗಡ್ಡೆ, ಕೋಳಿ ಎಲ್ಲ ಒಂದೇ ಬಣ್ಣದ ಮುದ್ದೆ.

ತಿಂಗಳಾಗುತ್ತ ಬಂದಾಗ ದೊಡ್ಡ ಸಿಸ್ಟರಿಗೆ ಮಾತು ಮರಳಿತು. ಮರಳಿದ ಮಾತಿನಲ್ಲಿ ಮೊದಲನೆಯದೇ ಬೈಗುಳ. “ಇದೇನಿದು, ಕರೂಗೆ ಕಲಸಿದ ಬೂಸಾನಾ? ಉಪ್ಪಿಲ್ಲ ಖಾರ ಇಲ್ಲ!”

“ಎಲ್ರಿಗೂ ಇದೇ ಅತ್ತೆ. ನೀವೇ ಮಾಡಿದ ನಿಯಮ” ಎಂದಳು ಸೊಸೆ. “ಬಾಯಿ ತೆಗೀರಿ.”

ಪಕ್ಕದ ಮಂಚದಿಂದ ಪೋಸ್ಟಜ್ಜ ಕಿಸಕ್ಕನೆ ನಕ್ಕ. “ತಿನ್ರೀ ಸಿಸ್ಟರೇ, ತಿನ್ರೀ. ಆರು ವರ್ಷದಿಂದ ನಂಗೆ ‘ಚೆನ್ನಾಗಿದೆ ತಿನ್ನಿ’ ಅಂತಿದ್ರಲ್ಲ. ಹೇಗಿದೆ ರುಚಿ?”

ಆಗಲೇ ಹಳೇ ನರ್ಸು ಬಿಟ್ಟುಹೋಗಿ ಹೊಸಬಳೊಬ್ಬಳು ಬಂದಿದ್ದಳು. ನಗುಮುಖದವಳು, ಕೆಲಸದಲ್ಲಿ ಚುರುಕು. ದೊಡ್ಡ ಸಿಸ್ಟರ್ ಅವಳನ್ನು ಕರೆದು, “ನೋಡಮ್ಮ, ಆ ಬಕೆಟ್ಟು ಅಲ್ಲಿಡಬೇಡ, ಯಾರಾದ್ರೂ ಎಡವ್ತಾರೆ. ಇದು ನನ್ನ ಮನೆ. ಇಲ್ಲಿ ನಾನು ಹೇಳಿದ ಹಾಗೆ ನಡೀಬೇಕು” ಎಂದರು.

“ಹೌದಜ್ಜಿ, ನಿಮ್ಮದೇ ಮನೆ” ಎಂದು ಹೊಸಬಳು ಕೆನ್ನೆ ಸವರಿದಳು.

“ಅಜ್ಜಿ ಅಲ್ಲ ಕಣೇ! ಈ ಮನೆ ಕಟ್ಟಿಸಿದವಳು ನಾನು. ಇದನ್ನ ಶುರು ಮಾಡಿದವಳು ನಾನು!”

“ಆಯ್ತಜ್ಜಿ. ಎಷ್ಟು ಚೆನ್ನಾಗಿ ಕಟ್ಟಿಸಿದ್ದೀರಿ! ಸುಸ್ತಾಗಿರ್ಬೇಕು, ಮಲಗಿ.”

“ಇಲ್ಲಿ ನಾವೆಲ್ಲ ಓನರ್‌ಗಳೇ ಕಣಮ್ಮ” ಎಂದ ಪೋಸ್ಟಜ್ಜ. “ನಾನು ಈ ಬೀದೀನೇ ಕೊಂಡ್ಕೊಂಡಿದ್ದೀನಿ. ಬಾಡಿಗೆ ಯಾರೂ ಕೊಡಲ್ಲ, ಅಷ್ಟೇ.”

ಹೊಸಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಲ್ಲಿ ಬೆಡ್‌ಶೀಟು ಮಡಿಸುತ್ತಿದ್ದ ಸೊಸೆಗೆ ಎಲ್ಲ ಕೇಳಿಸಿತ್ತು. ‘ಇವರು ನಮ್ಮತ್ತೆ’ ಎಂದು ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಮೂಲೆಗೆ ಮೂಲೆ ಸೇರಿಸಿ ಶೀಟು ಮಡಿಸಿ ಕಪಾಟಿನಲ್ಲಿಟ್ಟಳು.

ಇತ್ತ ಮಹಡಿಯಲ್ಲಿ ಸಂಸಾರ ಹಾಯಾಗಿತ್ತು. ಊಟದ ಹೊತ್ತಿಗೆ ಜೋರಾಗಿ ಮಾತಾಡಬಹುದಿತ್ತು. ಇನ್ನೊಂದು ಮೀನು ಹಾಕಿಕೊಂಡರೆ ಯಾರೂ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಅಜ್ಜಿಯ ಕೋಣೆಯಲ್ಲೇ ಗೋಡೆಗೊತ್ತಿ ಮಲಗುತ್ತಿದ್ದ ಮೊಮ್ಮಗಳು ಒಂದು ದಿನ ಕೇಳಿಯೇಬಿಟ್ಟಳು.

“ಅಪ್ಪಾ, ಅಜ್ಜಿ ಮಂಚ ಆಚೆ ಹಾಕಿದ್ರೆ ನನ್ನ ಟೇಬಲ್ ಕಿಟಕಿ ಹತ್ರ ಬರುತ್ತೆ. ನಂಗೆ ಪರೀಕ್ಷೆ ಹತ್ರ ಬಂತು.”

“ಅಜ್ಜಿ ವಾಪಸ್ ಬರ್ತಾಳೆ ಕಣೇ.”

“ಬಂದಾಗ ನೋಡ್ಕೊಳ್ಳೋಣ” ಎಂದಳು ಸೊಸೆ. “ಸದ್ಯಕ್ಕೆ ಹಾಕಲಿ ಬಿಡಿ.”

ಮಗ ಒಂದು ತುತ್ತು ನುಂಗಿದ. “ಅಮ್ಮಂಗೆ ಹೇಳೋರು ಯಾರು?”

“ಯಾಕೆ ಹೇಳ್ಬೇಕು?”

ಆ ಭಾನುವಾರ ಅಪ್ಪ ಮಗಳು ಇಬ್ಬರೂ ಸೇರಿ ಮಂಚ ಬಿಚ್ಚಿ ಅಟ್ಟಕ್ಕೆ ಏರಿಸಿದರು. ಆಮೇಲೆ ವಾರಕ್ಕೊಂದು ಗೋಡೆಯಂತೆ ಹುಡುಗಿ ತನಗೆ ಬೇಕಾದ ಬಣ್ಣ ಬಳಿಯತೊಡಗಿದಳು. ಕೆಟ್ಟವಳೇನಲ್ಲ ಅವಳು. ಮೊದಲ ದಿನ ಬ್ರಷ್ಷು ತೊಳೆಯುವಾಗ ಕಣ್ಣಲ್ಲಿ ಒಂದು ಹನಿ ನೀರು ಬಂತು. ಅಷ್ಟಕ್ಕೆ ನಿಂತಿತು.

ದೊಡ್ಡ ಸಿಸ್ಟರಿಗೆ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಒಬ್ಬ ಬರುತ್ತಿದ್ದ. ಅವರು ಹಲ್ಲು ಕಚ್ಚಿ ಕಲಿತರು. ಮೊದಲು ಕೂರುವುದು, ಆಮೇಲೆ ನಿಲ್ಲುವುದು, ಆಮೇಲೆ ಕೋಲು ಹಿಡಿದು ಕೋಣೆಯೊಳಗೆ ನಾಲ್ಕು ಹೆಜ್ಜೆ. ಹಿತ್ತಲ ಬಾಗಿಲಲ್ಲಿ ಒಂದೇ ಒಂದು ಮೆಟ್ಟಿಲಿತ್ತು. ಅದನ್ನೇ ಹತ್ತಿದರು, ಇಳಿದರು. “ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು” ಎಂದು ಅವನು ಹೇಳುವ ಮುಂಚೆ ತಾವೇ ಹೇಳುತ್ತಿದ್ದರು. ಎಷ್ಟು ಜನರಿಗೆ ಕಲಿಸಿರಲಿಲ್ಲ ಅದನ್ನು!

“ಇನ್ನು ಹದಿನೈದು ದಿನ, ಮೇಲಕ್ಕೇ ಹತ್ತಿಸಿಬಿಡ್ತೀನಿ ಇವರನ್ನ” ಎಂದ ವ್ಯಾಯಾಮದವನು ಸೊಸೆಯೊಡನೆ ಖುಷಿಯಿಂದ.

“ನೀವಿನ್ನು ಬರೋದು ಬೇಡ” ಎಂದಳು ಸೊಸೆ. “ಇನ್ಮೇಲೆ ನಾನೇ ಮಾಡಿಸ್ತೀನಿ.”

ಅವಳು ಮಾಡಿಸಲಿಲ್ಲ. ದೊಡ್ಡ ಸಿಸ್ಟರ್ ಎರಡು ವಾರ ಕಾದರು. ಮೂರನೆಯ ವಾರ ಮಗನನ್ನು ಕರೆಸಿದರು. ಅವನು ತರಕಾರಿ ಚೀಲ ಕೈಯಲ್ಲಿ ಹಿಡಿದುಕೊಂಡೇ ನಿಂತ.

“ಯಾಕೋ, ಆ ವ್ಯಾಯಾಮದವನು ಬರ್ತಿಲ್ಲ?”

“ಅವನಿಗೇನೋ ಬೇರೆ ಕೆಲಸವಂತೆ ಕಣಮ್ಮ.”

“ನನ್ನ ಕೀಲಿಗೊಂಚಲು ಎಲ್ಲಿ?”

“ಇದೆ, ಮೇಲಿದೆ.”

“ತಂದ್ಕೊಡು. ಸೊಂಟದಲ್ಲಿ ಅದಿಲ್ದೆ ನಂಗೆ ಬಟ್ಟೆ ಬಿಚ್ಚಿದ ಹಾಗಿದೆ. ತಂದ್ಕೊಡೋ, ನಿನ್ನ ಕಾಲಿಗೆ ಬೀಳ್ತೀನಿ.”

“ಅಯ್ಯೋ, ಎಂಥ ಮಾತಾಡ್ತೀಯಮ್ಮ! ಅವಳ ಕೈಲಿ ಕೊಟ್ಟು ಕಳಿಸ್ತೀನಿ” ಎಂದು ಅವನು ಚೀಲ ಎತ್ತಿಕೊಂಡು ಪರಾರಿಯಾದ.

ಊಟದ ಹೊತ್ತಿಗೆ ಸೊಸೆ ಬಂದಳು. ಅತ್ತೆಯ ಎಡಗೈ ಬಿಡಿಸಿ ಅಂಗೈಯಲ್ಲಿ ಒಂದು ಗೊಂಚಲನ್ನಿಟ್ಟು ಬೆರಳು ಮಡಿಸಿದಳು. ದೊಡ್ಡ ಸಿಸ್ಟರ್ ನೋಡಿದರು. ಹಲ್ಲು ಮುರಿದ ಹಿತ್ತಾಳೆಯದೊಂದು, ತುಕ್ಕು ಹಿಡಿದ ಉದ್ದನೆಯದೊಂದು, ಪೆಟ್ಟಿಗೆಯ ಪುಟಾಣಿಯೊಂದು. ಗುಜರಿಯಲ್ಲಿ ಕೂತು ತಾವೇ ಆರಿಸಿ, ತಾವೇ ಕೆಂಪು ದಾರಕ್ಕೆ ಪೋಣಿಸಿದ ಕೀಲಿಗಳು.

“ಇದು ಡಬ್ಬಿದು” ಎಂದರು.

“ನಮ್ಮಮ್ಮನ ಕೈಲಿದ್ದದ್ದು” ಎಂದಳು ಸೊಸೆ. “ನೀವೇ ಕೊಟ್ಟಿದ್ರಿ. ಜೀವ ತಣ್ಣಗಿರುತ್ತೆ ಅಂದಿದ್ರಿ.”

“ನಿಮ್ಮಮ್ಮಂಗೆ ಬುದ್ಧಿ ಹೋಗಿತ್ತು ಕಣೇ. ನಂಗೆ ಹೋಗಿಲ್ಲ!”

“ಅವರೂ ಹಾಗೇ ಅಂತಿದ್ರು.”

“ನಿನ್ನ ಹೊಟ್ಟೆ ತಣ್ಣಗಾಯ್ತೇನೇ ಈಗ? ಆಯ್ತಾ?”

“ಇನ್ನೂ ಇಲ್ಲ ಅತ್ತೆ” ಎಂದಳು ಸೊಸೆ, ಮಗುವಿಗೆ ಹಾಲು ಕುಡಿಸುವಷ್ಟೇ ಮೆತ್ತಗೆ. “ಬಾಯಿ ತೆಗೀರಿ.”

ಮರುದಿನ ಶಾಲೆಯಿಂದ ಬಂದ ಮೊಮ್ಮಗಳನ್ನು ಅಜ್ಜಿ ಹತ್ತಿರ ಕೂರಿಸಿಕೊಂಡರು. “ಬಂಗಾರೀ, ನಿಮ್ಮಪ್ಪಂಗೆ ಹೇಳು, ನಾನು ಮೆಟ್ಟಿಲು ಹತ್ತಬಲ್ಲೆ ಅಂತ. ಹಿತ್ತಲಲ್ಲಿ ನಾನೊಬ್ಬಳೇ ದಿನಾ ಅಭ್ಯಾಸ ಮಾಡ್ತಿದ್ದೀನಿ. ನೀನೊಂದು ಸಲ ನೋಡಿ ಹೇಳಿದ್ರೆ ನಂಬ್ತಾನೆ. ರಾತ್ರಿ ನಿನ್ನ ಪಕ್ಕದಲ್ಲಿ ನನ್ನ ಮಂಚದಲ್ಲಿ ಮಲಗಿದ್ರೆ ಸಾಕು ನಂಗೆ.”

ಹುಡುಗಿ ಉಗುರಿಗೆ ಅಂಟಿದ್ದ ಬಣ್ಣ ಕೆರೆಯುತ್ತ ಕೂತಳು. “ಅಜ್ಜಿ, ಪರೀಕ್ಷೆ ಮುಗೀಲಿ. ಆಮೇಲೆ ಹೇಳ್ತೀನಿ.”

“ಏನದು ಕೈಯಲ್ಲಿ ಬಣ್ಣ?”

“ಸ್ಕೂಲಲ್ಲಿ” ಎಂದಳು ಹುಡುಗಿ, ಎದ್ದು ಹೋದಳು.

ಇನ್ನು ಯಾರನ್ನೂ ಕೇಳುವುದಿಲ್ಲವೆಂದು ದೊಡ್ಡ ಸಿಸ್ಟರ್ ನಿರ್ಧರಿಸಿದರು. ನನ್ನಾಣೆ ಅಂದಿದ್ದಾನೆ ಮಗ. ಮೆಟ್ಟಿಲು ಹತ್ತಿ ಎದುರಿಗೆ ಹೋಗಿ ನಿಂತರೆ ಏನೆಂದಾನು? ಅದೊಂದು ನಂಬಿಕೆ ಇನ್ನೂ ಉಳಿದಿತ್ತು ಆ ತಾಯಿಗೆ.

ಭಾನುವಾರ ಮಧ್ಯಾಹ್ನ ಹೊಸ ನರ್ಸು ಒಳಕೋಣೆಯಲ್ಲಿ ಒಬ್ಬರ ನಳಿಕೆಗೆ ಗಂಜಿ ಹಾಕುತ್ತಿದ್ದಳು. ದೊಡ್ಡ ಸಿಸ್ಟರ್ ಎದ್ದರು. ಹೊಸಬಳಿಂದ ತಲೆ ಬಾಚಿಸಿಕೊಂಡಿದ್ದರು, ಒಗೆದ ಬಟ್ಟೆ ಉಟ್ಟಿದ್ದರು. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡರು. ಡಬ್ಬಿಯದಾದರೇನು, ಬರಿ ಸೊಂಟದಲ್ಲಿ ತಮ್ಮ ಮನೆಯ ಊಟದ ಮೇಜಿಗೆ ಹೋಗಲು ಅವರಿಗೆ ಮನಸ್ಸಾಗಲಿಲ್ಲ.

“ಎಲ್ಲಿಗೆ ಸವಾರಿ?” ಎಂದ ಪೋಸ್ಟಜ್ಜ.

“ಮೇಲಕ್ಕೆ. ಊಟಕ್ಕೆ.”

ಪೋಸ್ಟಜ್ಜ ಈ ಸಲ ನಗಲಿಲ್ಲ. “ಹುಷಾರು ಸಿಸ್ಟರೇ” ಎಂದ.

ಒಳ್ಳೇ ಕಾಲು ಮೊದಲು. ಎಡಗೈಯಲ್ಲಿ ಕಂಬಿ ಹಿಡಿದು ಮೈ ಎತ್ತಿ, ಬಲಗಾಲನ್ನು ಎಳೆದು ಪಕ್ಕಕ್ಕೆ ತಂದಿಟ್ಟುಕೊಂಡರು. ಉಸಿರು. ಮತ್ತೆ ಒಳ್ಳೇ ಕಾಲು. ತಿರುವಿನಲ್ಲಿ ಕಣ್ಣು ಕತ್ತಲೆ ಬಂತು, ಗೋಡೆಗೆ ಹಣೆಯಿಟ್ಟು ನಿಂತರು. ಮೇಲಿಂದ ಮೀನು ಹುರಿದ ವಾಸನೆ, ಮೊಮ್ಮಗಳ ನಗು ತೇಲಿ ಬಂತು. ಕೊನೆಯ ಮೆಟ್ಟಿಲು ಹತ್ತಿದಾಗ ದೊಡ್ಡ ಸಿಸ್ಟರ್ ತಾವೂ ನಕ್ಕುಬಿಟ್ಟರು. ಗೆದ್ದೆ ಅನ್ನಿಸಿತು.

ಬಾಗಿಲು ತಟ್ಟಬೇಕೆಂದು ಕಂಬಿ ಬಿಟ್ಟು ಕೈ ಎತ್ತಿದರೆ ಮೈ ತೂಗಾಡಿತು. ಬೀಳದಂತೆ ಬಾಗಿಲಿನ ಹಿಡಿ ಹಿಡಿದುಕೊಂಡರು. ಸೊಂಟದ ಗೊಂಚಲು ಬೀಗದ ತಗಡಿಗೆ ತಾಗಿ ಕರಕರ ಕೆರೆಯಿತು.

ಒಳಗೆ ಮಗನ ಬಾಯಲ್ಲಿ ತುತ್ತಿತ್ತು. ಆ ಸದ್ದು ಅವನು ಸಾವಿರ ಸಲ ಕೇಳಿದ ಸದ್ದು. ಅವನು ಮೀನಿನ ಮುಳ್ಳು ಬಿಡಿಸುತ್ತ, ಕತ್ತು ಸಹ ತಿರುಗಿಸದೆ ಹೇಳಿದ.

“ಮಗ ಸಂಜೆ ಬರ್ತಾನೆ ಅಜ್ಜೀ! ಅಷ್ಟರಲ್ಲಿ ಊಟ ಮುಗಿಸಿ!”

ಹೊರಗೆ ಕೆರೆತ ನಿಂತಿತು. ಯಾರೋ ಏದುಸಿರು ಬಿಡುವುದು ಕೇಳಿಸಿತು. ಆಮೇಲೆ ಸೊಟ್ಟ ಬಾಯಿಯ, ಆದರೂ ಸ್ಪಷ್ಟವಾದ ದನಿ.

“ಆಗ್ಲಪ್ಪ. ಬಂದ್ರೆ ಹೇಳು, ಅವರಮ್ಮ ಮೆಟ್ಟಿಲು ಹತ್ತಿ ಬಂದಿದ್ಲು ಅಂತ.”

ಮಗನ ಕೈಯಿಂದ ಮುಳ್ಳು ಬಿತ್ತು. “ಅಯ್ಯೋ, ಅಮ್ಮ!” ಎಂದು ಎದ್ದ.

“ಕೂತ್ಕೊಳ್ಳಿ” ಎಂದಳು ಸೊಸೆ, ತಟ್ಟೆಯಿಂದ ತಲೆಯೆತ್ತದೆ. “ಒಂದ್ಸಲ ತೆಗೆದ್ರೆ ದಿನಾ ಹತ್ತಿ ಬರ್ತಾರೆ.”

“ಏನೇ ನೀನು! ನನ್ನ ಹೆತ್ತ ತಾಯಿ ಕಣೇ ಅದು!”

“ಆವತ್ತು ನಿಂತಿದ್ದವಳು ಯಾರು? ದಾರಿಹೋಕಳಾ? ಆವತ್ತು ನೀವು ಇದೇ ಕುರ್ಚೀಲಿ ಕೂತು ಊಟ ಮಾಡಿದ್ರಿ. ನೆಂಚ್ಕೊಳ್ಳೋಕೆ ಉಪ್ಪಿನಕಾಯಿ ಕೇಳಿದ್ರಿ. ನಾನು ಎದ್ದು ಹಾಕಿದೆ.”

ಮೊಮ್ಮಗಳು ಅಳುವ ಮುಖ ಮಾಡಿ ಕುರ್ಚಿ ಹಿಂದಕ್ಕೆ ತಳ್ಳಿದಳು. “ಅಮ್ಮಾ, ಅಜ್ಜಿ ಬಿದ್ದುಬಿಟ್ರೆ? ನಾನು ತೆಗೀತೀನಿ.”

“ತೆಗಿ. ಕರ್ಕೊಂಡು ಬಾ. ಅಟ್ಟದಿಂದ ಮಂಚಾನೂ ಇಳಿಸು. ನಿನ್ನ ಟೇಬಲ್ ಇವತ್ತೇ ಆಚೆ ಹಾಕು.”

ಹುಡುಗಿ ನಿಂತೇ ಇದ್ದಳು. ಆಮೇಲೆ ಕೂತಳು. ಮಗ ಇನ್ನೂ ಮೇಜಿಗೆ ಕೈಯೂರಿ ಅರ್ಧ ಎದ್ದಿದ್ದ. ಎಂಟು ಹೆಜ್ಜೆ ಇಟ್ಟಿದ್ದರೆ ಬಾಗಿಲು. ಥೂ, ಅಷ್ಟೂ ಆಗಲಿಲ್ಲ ಅವನ ಕೈಲಿ. ಹೊರಗೆ ಕಾಲು ಎಳೆಯುವ ಸದ್ದು ಕೇಳಿಸಿತು. ಕೆಟ್ಟ ಕಾಲು ಮೊದಲು, ಒಳ್ಳೇ ಕಾಲು ಆಮೇಲೆ. ಮೂವರೂ ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿಕೊಂಡರು.

“ನೋಡಿದ್ರಾ, ಬೀಳಲಿಲ್ಲ” ಎಂದಳು ಸೊಸೆ. “ತಣ್ಣಗಾಗುತ್ತೆ, ಊಟ ಮಾಡಿ.” ಆದರೆ ಅವಳೂ ಆಮೇಲೆ ಒಂದು ತುತ್ತೂ ತಿನ್ನಲಿಲ್ಲ.

ಮಗ ಒಂದು ವಾರ ತಾಯಿಯ ಕಣ್ಣಿಗೆ ಬೀಳಲಿಲ್ಲ. ತರಕಾರಿಯನ್ನೂ ಹಿತ್ತಲ ಕಡೆಯಿಂದ ಒಳಗಿಟ್ಟ. ಮುಂದಿನ ಭಾನುವಾರ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿ, ತಾಯಿಯ ನಿಜವಾದ ಕೀಲಿಗೊಂಚಲನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಹೆಂಡತಿಯೊಡನೆ ಮೂರು ದಿನ ಜಗಳವಾಡಿ ಕಿತ್ತುಕೊಂಡ ಗೊಂಚಲು ಅದು. ಕೆಳಗೆ ಎಲ್ಲರಿಗೂ ಊಟದ ಹೊತ್ತು. ದೊಡ್ಡ ಸಿಸ್ಟರ್ ಪೋಸ್ಟಜ್ಜನ ಮಂಚದ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಎಡಗೈಯಲ್ಲಿ ಚಮಚ ಹಿಡಿದು ಆ ಮುದ್ದೆಯನ್ನು ತಾವೇ ತಿನ್ನುತ್ತಿದ್ದರು.

ಅವನು ಗೊಂಚಲನ್ನು ಅವರ ತಟ್ಟೆಯ ಪಕ್ಕ ಇಟ್ಟ. “ಅಮ್ಮಾ, ತಪ್ಪಾಯ್ತು. ನಡಿ, ಮೇಲಕ್ಕೆ ಹೋಗೋಣ. ನಾನೇ ಎತ್ಕೊಂಡು ಹೋಗ್ತೀನಿ.”

ದೊಡ್ಡ ಸಿಸ್ಟರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆ ಕಣ್ಣಿನಲ್ಲಿ ಮರೆವು ಎಂಬುದು ಚೂರೂ ಇರಲಿಲ್ಲ. ಅವರು ಗೊಂಚಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟು, ಬೆರಳು ಒಂದೊಂದಾಗಿ ಮಡಿಸಿದರು.

“ಇಟ್ಕೊಳ್ಳಿ” ಎಂದರು. “ಕೈಲಿ ಕೀಲಿ ಇದ್ರೆ ಜೀವ ತಣ್ಣಗಿರುತ್ತೆ.”

“ಅಮ್ಮಾ, ನಾನು ಕಣಮ್ಮ, ನಿನ್ನ ಮಗ.”

“ಹೌದು, ಹೌದು” ಎಂದು ಅವರು ಅವನ ಕೆನ್ನೆ ಸವರಿದರು. ಆಮೇಲೆ ಹೊಸ ನರ್ಸಿನ ಕಡೆ ತಿರುಗಿದರು. “ಇವರಿಗೊಂದು ತಟ್ಟೆ ಹಾಕಮ್ಮ. ಪಾಪ, ತಾಯೀನ ಹುಡುಕ್ತಿದ್ದಾರೆ.” ಮತ್ತೆ ಅವನಿಗೆ, ಮೂವತ್ತು ವರ್ಷ ಕಸುಬು ಮಾಡಿದ ಆ ಮೆತ್ತನೆಯ ದನಿಯಲ್ಲಿ ಹೇಳಿದರು. “ನಿಮ್ಮಮ್ಮ ಸಂಜೆ ಬರ್ತಾರೆ. ಅಷ್ಟರಲ್ಲಿ ಊಟ ಮುಗಿಸಿ.”

ಪೋಸ್ಟಜ್ಜ ಕೂಡ ತಲೆ ತಗ್ಗಿಸಿದ. ಹೊಸಬಳು ಒಂದು ತಟ್ಟೆ ತಂದು ಅವನ ಮುಂದಿಟ್ಟಳು. ಮಗ ಕೂತು, ಕೊಟ್ಟದ್ದನ್ನೆಲ್ಲ ತಿಂದ.